ಅವಳಿ ಬಟ್ಟಲು

“ಮಿರ್ಲಾಂದ್!”

ಎರಡನೆಯ ಸಲ ಕೂಗಿದಾಗಲೇ ಯೋಲೆತ್ ತಲೆಯೆತ್ತಿದ್ದು. ವಿಮಾನ ನಿಲ್ದಾಣದ ಗಾಜಿನಾಚೆ ಕುಳಿತಿದ್ದ ಅಧಿಕಾರಿ ಹುಬ್ಬು ಗಂಟಿಕ್ಕಿದ.

“ನಿನ್ನ ಹೆಸರು ನಿನಗೇ ಕೇಳಿಸಲ್ವಾ? ಇಲ್ಲಿ ನಿನ್ನ ಹೊಣೆ ಯಾರದು?”

“ರೊನೆಲ್. ನನ್ನ ಅವಳಿ ಅಣ್ಣ.”

ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು. ಎರಡು ವರ್ಷ ಅಮೆರಿಕದಲ್ಲಿ ಇರಬಹುದು, ದುಡಿಯಬಹುದು. ಊಟ, ವಸತಿ ಎಲ್ಲ ತನ್ನ ಹೊಣೆ ಎಂದು ಮಯಾಮಿಯ ರೊನೆಲ್ ತನ್ನ ಸಂಬಳದ ಚೀಟಿ ತೋರಿಸಿ ಬರೆದುಕೊಟ್ಟಿದ್ದು ತಂಗಿ ಮಿರ್ಲಾಂದಳಿಗೆ. ಬಂದಿಳಿದವಳು ಪಕ್ಕದ ಮನೆಯ ಯೋಲೆತ್.

ಮಿರ್ಲಾಂದ್ ಈಗ ಹುಟ್ಟೂರು ಜಾಕ್ಮೆಲ್‌ನ ಮಣ್ಣಿನಡಿ ಇದ್ದಳು.

ಈಸ್ಟರ್ ಹಬ್ಬದ ಮಾರನೆಯ ದಿನ. ಊರ ಮಕ್ಕಳೆಲ್ಲ ಗುಡ್ಡ ಹತ್ತಿ ಗಾಳಿಪಟ ಬಿಡುತ್ತಿದ್ದ ಮಧ್ಯಾಹ್ನ, ಕಾಲರಾ ಅವಳನ್ನು ಹಿಂಡಿ ಬಿಸಾಡಿತು. ಅವಳ ಅಜ್ಜಿ ತಿಲ್ಯಾ ಗೋಳಾಡಲಿಲ್ಲ. ಎದ್ದು ಬಾಗಿಲು ಹಾಕಿದಳು. ಬಿಕ್ಕುತ್ತಿದ್ದ ಯೋಲೆತ್‌ಳ ಬಾಯಿಗೆ ಅಂಗೈ ಒತ್ತಿದಳು.

“ಅಳಬೇಡ. ಇವು ಅವಳಿ ಕಣೇ. ಒಂದು ಹೋದ್ರೆ ಇನ್ನೊಂದನ್ನ ಕರ್ಕೊಳ್ಳತ್ತೆ. ಇವಳು ಹೋದ ಸುದ್ದಿ ರೊನೆಲ್ ಕಿವಿಗೆ ಬಿದ್ರೆ ಅವನೂ ಉಳಿಯಲ್ಲ.”

ಹೆಣ ಒಯ್ದ ಮೇಲೆ ಅಜ್ಜಿ ಮಿಕ್ಕ ಮಾತು ಆಡಿದಳು.

“ನೀನು ಹೋಗು. ಮಿರ್ಲಾಂದ್ ಆಗಿ ಹೋಗು. ಅವಳು ಪಾಸ್‌ಪೋರ್ಟಿಗೆ ಇನ್ನೂ ಫೋಟೋ ತೆಗೆಸಿಲ್ಲ. ನಿನ್ನ ಮಗಳನ್ನ ನಾನು ನೋಡ್ಕೋತೀನಿ, ನೀನು ದುಡಿದು ಅವಳನ್ನ ಕರೆಸ್ಕೊ. ಅವನ ಕಣ್ಣಿಗೆ ತಂಗಿ ಬದುಕಿರ್ಲಿ. ನನಗೆ ಅಷ್ಟು ಸಾಕು.”

“ಗುರುತು ಹಿಡಿದ್ರೆ, ಅಜ್ಜಿ?”

“ಏನು ಹಿಡೀತಾನೆ! ಹಾಲುಹಲ್ಲು ಬೀಳೋ ವಯಸ್ಸಲ್ಲಿ ಅಪ್ಪನ ಜೊತೆ ದೋಣಿ ಹತ್ತಿದೋನು. ಆಮೇಲೆ ಇವಳ ದನಿ ಕೇಳಿದಾನೆ, ಮುಖ ಕಂಡಿಲ್ಲ. ಇದೊಂದು ತಪ್ಪಬೇಡ.”

ಅಜ್ಜಿ ಮಡಿಲಿಗೆ ಹಾಕಿದ್ದು ಒಂದೇ ಮರದ ತುಂಡಿನಲ್ಲಿ ಕೊರೆದ ಜೋಡಿ ಬಟ್ಟಲು. ಬೇರೆ ಮಾಡಲು ಬಾರದು.

“ಮೊದಲ ತುತ್ತು ಅವನ ಕಡೆಯಿಂದ ನೀನು ತಗೋ, ನಿನ್ನ ಕಡೆಯಿಂದ ಅವನು ತಗೋತಾನೆ. ಆಮೇಲೆ ಅವರವರದು. ಎದೆಹಾಲು ಬಿಟ್ಟಾಗಿಂದ ಹೀಗೇ ಉಂಡವು. ಹೆತ್ತವಳ ಹೆಸರು ಮರೆತ್ರೂ ಇದನ್ನ ಅವನು ಮರೆಯಲ್ಲ.”

ಅಂದಿನಿಂದ ಯೋಲೆತ್ ಮಿರ್ಲಾಂದಳ ಫೋನಿನಿಂದ ರೊನೆಲ್‌ಗೆ ಧ್ವನಿ ಕಳಿಸಲಿಲ್ಲ. ಗಂಟಲು ಕೆಟ್ಟಿದೆ ಎಂದು ಬರೆದಳು. ವಿಚಿತ್ರವೆಂದರೆ, ಮೊದಲು ಗಂಟೆಗಟ್ಟಲೆ ಹರಟುತ್ತಿದ್ದ ರೊನೆಲ್ ಕೂಡ ಎರಡು ಪದ ಬರೆದು ಸುಮ್ಮನಾಗುತ್ತಿದ್ದ. ‘ಬಾ. ಕಾಯ್ತೀನಿ.’ ಅವನಿಗೆ ವಾಸನೆ ಬಡಿದಿದೆ ಎಂದುಕೊಂಡಳು.

ಹೊರಗೆ ಅವನು ರಟ್ಟಿನ ಮೇಲೆ ಹೆಸರು ಬರೆದು ಹಿಡಿದು ನಿಂತಿದ್ದ. ಬಂದ ಹೆಂಗಸರ ಮುಖವನ್ನೆಲ್ಲ ತಡಕಾಡುತ್ತಿದ್ದ. ಅಂಗಿಯ ತೋಳು ಬೆರಳು ಮುಚ್ಚುವಷ್ಟು ಉದ್ದ. ಅಪ್ಪಿಕೊಂಡಾಗ ಕಂಬವನ್ನು ತಬ್ಬಿದಂತಾಯಿತು.

ಕಾರು ಹೆದ್ದಾರಿ ಹಿಡಿದ ಮೇಲೆ ಅವನು ಕೇಳಿದ.

“ನಿಮ್ಮಜ್ಜಿ ಹೇಗಿದಾಳೆ?”

ನಿಮ್ಮಜ್ಜಿ! ಯೋಲೆತ್ ಅವನ ಮುಖ ನೋಡಿದಳು.

“ಅಲ್ಲ, ನಮ್ಮಜ್ಜಿ,” ಎಂದ ಅವನು ಅವಸರದಲ್ಲಿ. ಸ್ಟೀರಿಂಗ್ ಬಿಗಿಯಾಗಿ ಹಿಡಿದ. “ಒಂದು ಮಾತು ಕೇಳು. ಯಾರು ಏನೇ ಕೇಳಲಿ, ನಾವು ಅಣ್ಣ ತಂಗಿ. ಬಾಯಿ ತಪ್ಪಿದ್ರೆ ನಿನ್ನ ವಾಪಸ್ ಅಟ್ತಾರೆ.”

ಗೊತ್ತಾಗಿದೆ ಇವನಿಗೆ. ಗೊತ್ತಿದ್ದೂ ಆಟ ಆಡಿಸುತ್ತಿದ್ದಾನೆ. ಅವಳು ಕಣ್ಣು ಮುಚ್ಚಿದಳು. ಅಜ್ಜಿಯ ಲಂಗ ಹಿಡಿದು ನಿಂತ ಪುಟ್ಟ ಮಗಳು ನಾಯ್ಕಾ ಕಂಡಳು. ಅಮ್ಮ ಹೊರಟಾಗ ಆ ಮಗು ಅಳಲೂ ಇಲ್ಲ, ಚಪ್ಪಲಿ ತಂದುಕೊಟ್ಟಿತ್ತು.

ಮನೆ ಎಂದರೆ ಒಂದು ಕೋಣೆ, ಎರಡು ಮಂಚ. ಒಂದರ ಹಾಸಿಗೆ ಸುತ್ತಿ ಹಗ್ಗ ಬಿಗಿದಿತ್ತು. ಗೋಡೆಯಲ್ಲಿ ಪಟ ತೆಗೆದ ಜಾಗ ಬೆಳ್ಳಗೆ ಉಳಿದಿತ್ತು.

“ಇನ್ನೊಂದು ಮಂಚ ಯಾರದು?”

“ಜೊತೆಗೊಬ್ಬ ಇದ್ದ. ಹೋದ.”

“ಎಲ್ಲಿಗೆ?”

“ದೂರ.” ಅವನು ಬೆನ್ನು ತಿರುಗಿಸಿ ಒಲೆ ಹಚ್ಚಿದ.

ಕೆಂಪು ಕಾಳು ಹಾಕಿದ ಮೆಕ್ಕೆಜೋಳದ ಗಂಜಿ ಕುದಿಯಿತು. ಇನ್ನು ತಡಮಾಡಬಾರದು ಎಂದುಕೊಂಡ ಯೋಲೆತ್ ಚೀಲದಿಂದ ಜೋಡಿ ಬಟ್ಟಲು ತೆಗೆದು ಮೇಜಿನ ನಡುವೆ ಇಟ್ಟಳು. ಅನುಮಾನ ಎಷ್ಟೇ ಇರಲಿ, ಇದರ ಮುಂದೆ ಕರಗಬೇಕು. ಎರಡೂ ಕಡೆ ಸಮನಾಗಿ ಬಡಿಸಿದಳು. ಅವನು ಬಟ್ಟಲನ್ನು ನೋಡಿದ. ಮುಖದಲ್ಲಿ ಏನೂ ಕದಲಲಿಲ್ಲ.

ಅವಳು ಅವನ ಕಡೆಯ ಬಟ್ಟಲಿಗೆ ಚಮಚ ಚಾಚಿದಳು.

“ಏನೇ ಇದು, ನನ್ನ ಪಾಲಿಗೇ ಕನ್ನ ಹಾಕ್ತೀಯಲ್ಲ!” ಅವನು ನಕ್ಕ. “ವಿಮಾನದಲ್ಲಿ ಏನೂ ಕೊಡಲಿಲ್ವಾ?”

ತನ್ನ ಬಟ್ಟಲಿನಿಂದಲೇ ತುಂಬು ಚಮಚ ಎತ್ತಿ ಬಾಯಿಗಿಟ್ಟ.

ಯೋಲೆತ್‌ಳ ಕೈ ನಡುದಾರಿಯಲ್ಲೇ ನಿಂತಿತು. ಉದ್ದ ತೋಳಿನ ಅಂಗಿ. ಕಟ್ಟಿಟ್ಟ ಹಾಸಿಗೆ. ಗೋಡೆಯಲ್ಲಿ ಪಟ ತೆಗೆದ ಬಿಳಿ ಜಾಗ.

“ಅವನು ಯಾವಾಗ ಹೋದ?” ಮೆಲ್ಲಗೆ ಕೇಳಿದಳು.

ಅಗಿಯುವುದು ನಿಂತಿತು. ಅವನು ಚಮಚ ಕೆಳಗಿಟ್ಟ.

“ರೊನೆಲ್ ಸಾರುವೆ ಮೇಲಿಂದ ಬಿದ್ದ. ಇಬ್ರೂ ಒಂದೇ ಕಟ್ಟಡದ ಕೆಲಸದಲ್ಲಿದ್ವಿ. ಆಸ್ಪತ್ರೆ ದಾರೀಲಿ ನನ್ನ ಕೈ ಹಿಡ್ಕೊಂಡ. ತಂಗಿ ಬಂದು ಇಳಿಯೋವರೆಗೂ ನಾನಿದೀನಿ ಅಂತಲೇ ಹೇಳು, ಹೊಣೆ ಹೊತ್ತೋನೇ ಇಲ್ಲ ಅಂದ್ರೆ ಅವಳನ್ನ ಒಳಗೆ ಬಿಡಲ್ಲ ಅಂದ. ಅದಕ್ಕೇ ಅವನ ಫೋನ್ ಇಟ್ಕೊಂಡೆ, ಅವನ ಅಂಗಿ ಹಾಕ್ಕೊಂಡೆ.” ಅವನು ಮುಖ ಮುಚ್ಚಿಕೊಂಡ. “ಕ್ಷಮಿಸಮ್ಮಾ, ಮಿರ್ಲಾಂದ್.”

“ಯಾವತ್ತು? ಯಾವತ್ತು ಅಂತ ಹೇಳು!”

“ಈಸ್ಟರ್ ಮಾರನೆ ದಿನ ಮಧ್ಯಾಹ್ನ. ಈಗ ನಮ್ಮೂರಲ್ಲಿ ಗಾಳಿಪಟ ಬಿಡ್ತಿರ್ತಾರೆ ಕಣೋ ಅಂತ ನಗ್ತಾ ಹೇಳ್ತಿದ್ದ. ಯಾರೋ ಕರೆದ ಹಾಗೆ ತಟ್ಟನೆ ತಿರುಗಿದ.”