ಅಪ್ಪ ಹೊಲಿದ ಮೊದಲ ಜೊತೆ

ಹದ ಮಾಡಿದ ತೊಗಲಿನ ವಾಸನೆ ಬಂದರೆ ಈಗಲೂ ಟೇಕಲ್‌ನ ನಮ್ಮ ಜಗಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕಲ್ಲಿನ ಧೂಳಿನಿಂದ ಕೆಮ್ಮು ಹತ್ತಿ ಕ್ವಾರಿ ಬಿಟ್ಟಿದ್ದ ಅಪ್ಪ ಚಪ್ಪಲಿ ಹೊಲಿಯುವುದನ್ನು ಕಲಿಯುತ್ತಿದ್ದ. ಅಟ್ಟೆಗೆ ಹಳೆಯ ಟಯರು, ಮೇಲಕ್ಕೆ ಮಾವ ಕೊಟ್ಟ ಒಂದೇ ತುಂಡು ತೊಗಲು. ಈ ಜೊತೆ ನೆಟ್ಟಗಾದರೆ ಮತ್ತೆ ಕ್ವಾರಿಗೆ ಹೋಗಬೇಕಿರಲಿಲ್ಲ. ಅಮ್ಮನ ಎಡಪಾದದ ಅಳತೆಯನ್ನು ರಟ್ಟಿನ ಮೇಲೆ ಬರೆದು, ಆ ರಟ್ಟನ್ನು ಕತ್ತರಿಸಿಕೊಂಡಿದ್ದ. ಬಲಗಾಲಿಗೆ ಆ ರಟ್ಟನ್ನು ಮಗುಚಿಡುವುದನ್ನು ಮರೆತಿದ್ದ.

ಹೊಲಿದಾದ ಮೇಲೆ ಅಜ್ಜಿ ಎರಡನ್ನೂ ಜೋಡಿಸಿಟ್ಟು ನೋಡಿದಳು.

"ಏಮಿರಾ, ಎರಡೂ ಎಡಗಾಲ್ದೇ ಆಗೈತಲ್ಲೋ. ನಿನ್ನ ಹೆಂಡ್ತಿಗೆ ಬಲಗಾಲಿಲ್ವಾ?"

ಅಮ್ಮ ಅವನ್ನೇ ಮೆಟ್ಟಿಕೊಂಡು ಅಂಗಳದಲ್ಲಿ ನಡೆದಳು. ಬಲಗಾಲಿನ ಹೆಬ್ಬೆರಳು ಹೊರಗೆ ಮಣ್ಣಿಗೆ ತಾಗುತ್ತಿತ್ತು.

"ಸರಿಯಾಗೇ ಐತೆ, ಒತ್ತಲ್ಲ," ಅಂದಳು.

ಮರುದಿನ ಅಪ್ಪ ಕ್ವಾರಿಗೆ ಹೊರಟಾಗ ಅಮ್ಮ ಅವೇ ಚಪ್ಪಲಿ ಮೆಟ್ಟಿ ಬೀದಿಯ ಕೊನೆಯವರೆಗೂ ಜೊತೆಗೆ ಹೋದಳು.