ಅಜ್ಜಿ ಕುಳಿತಿದ್ದ ಬನಿಯನ್ ಮೂಟೆ

ಹೊಸ ಬನಿಯನ್ನಿನ ವಾಸನೆ ಬಂದರೆ ಈಗಲೂ ತಿರುಪ್ಪೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಎಷ್ಟು ನಿಜವೋ ನಾನು ಹೇಳಲಾರೆ.

ಅಜ್ಜಿಗೆ ವಿಧವಾ ಪಿಂಚಣಿ ಬರುತ್ತಿತ್ತು. ಆದಾಯ ವಿಚಾರಿಸಲು ಅಧಿಕಾರಿ ಬರುತ್ತಾರೆಂದು ತಿಳಿದೊಡನೆ, ಹೊಲಿಗೆಯಲ್ಲಿ ಉಳಿದ ನೂಲಿನ ತುದಿ ಕತ್ತರಿಸಲು ಅಜ್ಜಿ ಕೂಲಿಗೆ ತಂದಿದ್ದ ಬನಿಯನ್ ಮೂಟೆಗೆ ಅಮ್ಮ ಕಂಬಳಿ ಹೊದಿಸಿ, ಅಜ್ಜಿಯನ್ನೇ ಅದರ ಮೇಲೆ ಕೂರಿಸಿದಳು.

“ಸಂಪಾದನೆ ಇಲ್ಲ ಅನ್ನಿ ಅತ್ತೆ. ಇಲ್ಲಾಂದ್ರೆ ಪೆನ್ಷನ್ ನಿಂತೋಗುತ್ತೆ.”

ಅಧಿಕಾರಿ ತಮಿಳಿನಲ್ಲಿ ಕೇಳಿದರು: “ಏನಾದ್ರೂ ಕೆಲಸ ಮಾಡ್ತೀರಾ, ಅಜ್ಜಿ?”

ಅಜ್ಜಿ ತನ್ನ ಸೀರೆ ನೋಡಿಕೊಂಡಳು. ಮೈತುಂಬ ಬಿಳಿ ನೂಲಿನ ಚೂರು.

“ಇಷ್ಟು ಮೆತ್ಕೊಂಡು ಇಲ್ಲ ಅಂದ್ರೆ ನೀವು ನಂಬ್ತೀರಾ ಸಾರ್? ಬನಿಯನ್ ನೂಲು ಕತ್ತರಿಸ್ತೀನಿ. ಬರ್ಕೊಳ್ಳಿ.”

ಎದ್ದು ಕಂಬಳಿ ಸರಿಸಿದಳು. ಅಮ್ಮ ಗೋಡೆಯ ಕಡೆ ತಿರುಗಿದಳು.

ಇಷ್ಟು ಕೂಲಿಗೆ ಪಿಂಚಣಿ ನಿಲ್ಲುವುದಿಲ್ಲ ಎಂದು ಅಧಿಕಾರಿ ನಕ್ಕರೆಂಬುದು ನನ್ನ ನೆನಪು. ಅವರು ಬರೆದುಕೊಂಡು ಸುಮ್ಮನೆ ಹೋದರು, ಆಮೇಲೆ ಕೆಲವು ತಿಂಗಳು ಹಣವೇ ಬರಲಿಲ್ಲ ಎನ್ನುತ್ತಾಳೆ ಅಕ್ಕ. ಅವಳು ನನಗಿಂತ ದೊಡ್ಡವಳು, ಅವಳದೇ ಸರಿಯಿರಬಹುದು.

ಅದರ ನಂತರದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ. ಅಜ್ಜಿ ನೆಲದ ಮೇಲೆ ಕುಳಿತು ಮೂಟೆಯಿಂದ ಒಂದು ಬನಿಯನ್ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅಮ್ಮ ಒಳಗಿನಿಂದ ಇನ್ನೊಂದು ಕತ್ತರಿ ತಂದು ಪಕ್ಕದಲ್ಲಿ ಕುಳಿತಳು.