ಕ್ಯಾಪ್ಟನ್ ಕೋಟು

ನೀಲಿ ಕೋಟಿನ ಕೊನೆಯ ಗುಂಡಿ ಚಂದ್ರಾಮನ ಬೆರಳಿಗೆ ಬಗ್ಗಲಿಲ್ಲ. ಟೇಲರ್ ಸಾಯಿರಾ ತಾನೇ ಹಾಕಿಕೊಟ್ಟು ಮತ್ತೆ ಮಷಿನ್ ಮುಂದೆ ಕೂತಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ವೇಷಕ್ಕೆಂದು ಈ ವಾರ ಅಫಜಲಪುರದ ಮಕ್ಕಳಿಗೆ ಇಂಥವೇ ಹದಿನೆಂಟು ಕೋಟು ಹೊಲಿದು ಅವಳ ಸೊಂಟ ಬಿದ್ದುಹೋಗಿತ್ತು. ಎಲ್ಲರಿಗೂ ಟಿವಿ ಧಾರಾವಾಹಿಯ ಆಕಾಶನೌಕೆಯ ಕ್ಯಾಪ್ಟನ್ನೇ ಆಗಬೇಕು. ಎಪ್ಪತ್ತರ ಮುದುಕನಿಗೆ ಹೊಲಿದದ್ದು ಮಾತ್ರ ಇದೇ ಮೊದಲು.

“ಇಪ್ಪತ್ತು ವರ್ಷದಾಗ ಆ ಕ್ಯಾಪ್ಟನ್ ವೇಷಕ್ಕ ಐದು ಮಂದಿ ಬದಲಾದ್ರು ನೋಡವ್ವಾ,” ಅಂದ ಚಂದ್ರಾಮ. “ಮಾರಿ ಯಾವುದಿದ್ರೂ ನಮ್ಮಾಕಿ ಕೋಟು ನೋಡಿ ಗುರ್ತು ಹಿಡೀತಿದ್ಳು. ಈಗ ಅಕಿಗಿ ನನ್ನ ಮಾರೀನೂ ಗುರ್ತಿಲ್ಲ. ಮೂರು ದಿನ ಆತು, ಬರೀ ಚಹಾದ ಮ್ಯಾಲೆ ಅದಾಳ. ನಾ ಕೊಟ್ರ ಉಣ್ಣವಲ್ಲಳು. ಕ್ಯಾಪ್ಟನ್ ಕೊಟ್ರರೆ ಉಣ್ತಾಳೇನೋ.”

ಅಂಗಡಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಅವನ ಹೆಂಡತಿ ನಿಂಬೆವ್ವ ಕೂತಿದ್ದಳು. ಚಂದ್ರಾಮ ಬುತ್ತಿ ಬಿಚ್ಚಿ, ಬೇಳೆಯಲ್ಲಿ ನೆನೆಸಿದ ರೊಟ್ಟಿಯ ತುತ್ತು ಹಿಡಿದು ಅವಳೆದುರು ಮೊಣಕಾಲೂರಿದ. ಅವಳು ಕೋಟನ್ನು ನೋಡಿದಳು. ತೋಳಿನ ಬೆಳ್ಳಿ ಪಟ್ಟಿಯನ್ನು ಬೆರಳಿನಿಂದ ಸವರಿದಳು. ಎಷ್ಟೋ ತಿಂಗಳಿಂದ ಕಾಣದ ನಗು ಅವಳ ಮುಖಕ್ಕೆ ಬಂತು. ಸಾಯಿರಾ ಮಷಿನ್ ತುಳಿಯುವುದನ್ನು ನಿಲ್ಲಿಸಿದಳು.

ನಿಂಬೆವ್ವ ಪರಪುರುಷನ ಮುಂದೆ ಮಾಡುವಂತೆ ತಲೆಯ ಮೇಲೆ ಸೆರಗೆಳೆದುಕೊಂಡಳು.

“ಬಂದ್ರಿ, ಕ್ಯಾಪ್ಟನ್ ಸಾಹೇಬ್ರ? ನೀವು ಉಣ್ರಿ,” ಅಂದಳು. “ನಮ್ಮ ಮನಿಯವ್ರು ಇನ್ನಾ ಬಂದಿಲ್ರಿ. ಅವ್ರು ಉಣ್ಣಲಾರದ ನಾ ಹ್ಯಾಂಗ ಉಣ್ಲಿ?”